ಒಂದೇ ಬ್ಯಾಚ್ ನಂಬರ್, ಹಲವು ಸರಕು

1937ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ 239 ಇನ್‌ಸ್ಪೆಕ್ಟರುಗಳು ಮತ್ತು ರಸಾಯನ ತಜ್ಞರು ಹೆಚ್ಚುಕಡಿಮೆ ಎಲ್ಲರೂ ಒಂದೇ ಕೆಲಸಕ್ಕೆ ಇಳಿದರು. ಎಲಿಕ್ಸಿರ್ ಸಲ್ಫಾನಿಲಮೈಡ್ ಎಂಬ ಔಷಧವನ್ನು ವಿಷಕಾರಿ ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ ಮಾರಲಾಗಿತ್ತು. ನೂರಕ್ಕೂ ಹೆಚ್ಚು ಜನ ಸತ್ತರು. ತಯಾರಾಗಿದ್ದು 240 ಗ್ಯಾಲನ್. ಮಾರಾಟದ ಚೀಟಿಗಳನ್ನು ಹಿಡಿದು ಊರೂರು ಅಲೆದು 234 ಗ್ಯಾಲನ್ ಒಂದು ಪಿಂಟ್ ವಾಪಸ್ ತಂದರು. ಉಳಿದದ್ದು ರೋಗಿಗಳ ಹೊಟ್ಟೆ ಸೇರಿತ್ತು.

1982ರ ಹೊತ್ತಿಗೆ ಕಥೆ ಬೇರೆಯಾಗಿತ್ತು. ಷಿಕಾಗೊ ಸುತ್ತಮುತ್ತ ಸಯನೈಡ್ ಬೆರೆತ ಟೈಲೆನಾಲ್ ಎಂಬ ನೋವುನಿವಾರಕ ನುಂಗಿ ಏಳು ಮಂದಿ ಸತ್ತಾಗ ಮೊದಲು ಸಿಕ್ಕ ಸುಳಿವು ಎಂಸಿ2880 ಎಂಬ ಲಾಟ್ ನಂಬರ್, ಅಂದರೆ ಬ್ಯಾಚ್ ನಂಬರ್. ಆಮೇಲೆ 1910ಎಂಡಿ ಲಾಟ್‌ನ ಬಾಟಲಿಯಲ್ಲೂ ಸಯನೈಡ್ ಕಂಡಿತು. ಒಂದು ಪೆನ್ಸಿಲ್ವೇನಿಯಾದ ಕಾರ್ಖಾನೆಯದು, ಇನ್ನೊಂದು ಟೆಕ್ಸಾಸ್‌ನದು. ವಿಷ ಬೆರೆತದ್ದು ಕಾರ್ಖಾನೆಯಲ್ಲಲ್ಲ, ಅಂಗಡಿಯ ಹಂತದಲ್ಲಿ ಎಂಬ ಊಹೆಗೆ ಇದರಿಂದ ಬಲ ಬಂತು.

ಆದರೆ ಕಂಪ್ಯೂಟರಿಗೆ ಈ ನಂಬರ್ ಸುಲಭವಾಗಿ ಒಗ್ಗಲಿಲ್ಲ. 1974ರಲ್ಲಿ ಓಹಾಯೊದ ಟ್ರಾಯ್ ಪಟ್ಟಣದಲ್ಲಿ ಚೂಯಿಂಗ್ ಗಮ್ ಪೊಟ್ಟಣದ ಮೇಲೆ ಮೊದಲು ಸ್ಕ್ಯಾನ್ ಆದ ಬಾರ್‌ಕೋಡ್ ಸರಕು ಯಾವುದೆಂದು ಹೇಳುತ್ತಿತ್ತು, ಯಾವ ಬ್ಯಾಚ್ ಎಂದಲ್ಲ. ಆಮೇಲೆ ಜಿಎಸ್1 ಸಂಸ್ಥೆಯ ಸಂಕೇತಗಳಲ್ಲಿ (01) ಎಂದರೆ ಸರಕು, (10) ಎಂದರೆ ಬ್ಯಾಚ್, (17) ಎಂದರೆ ಅವಧಿ ಮುಗಿಯುವ ದಿನಾಂಕ ಎಂದಾಯಿತು. ಇಲ್ಲಿ (10) ಒಂಟಿಯಾಗಿ ನಿಂತರೆ ಅರ್ಥವಿಲ್ಲ. (01) ಜೊತೆಗಿದ್ದರೇ ಅದಕ್ಕೆ ಬೆಲೆ.

ಸಾಫ್ಟ್‌ವೇರ್‌ಗಳು ಈ ವಿಷಯದಲ್ಲಿ ಒಂದೇ ದಾರಿ ಹಿಡಿಯಲಿಲ್ಲ. ಜರ್ಮನಿಯ ಎಸ್‌ಎಪಿಯಲ್ಲಿ ಬ್ಯಾಚ್ ಸಂಖ್ಯೆ ಘಟಕದ ಮಟ್ಟದಲ್ಲಿ, ಸರಕಿನ ಮಟ್ಟದಲ್ಲಿ ಅಥವಾ ಇಡೀ ವ್ಯವಸ್ಥೆಗೇ ಒಂದೇ ಆಗಿರಬೇಕೆಂದು ಆರಿಸಿಕೊಳ್ಳಬಹುದು. ಬೆಲ್ಜಿಯಂನ ಓಡೂ, ಒಂದು ಕಂಪನಿಯೊಳಗೆ ಸರಕು ಮತ್ತು ಲಾಟ್ ಎರಡರ ಜೋಡಿ ಮರುಕಳಿಸಬಾರದು ಎನ್ನುತ್ತದೆ. ಮುಂಬೈಯಲ್ಲಿ ಹುಟ್ಟಿದ ಈಆರ್‌ಪಿನೆಕ್ಸ್ಟ್ ಬ್ಯಾಚ್ ಸಂಖ್ಯೆಯನ್ನೇ ದಾಖಲೆಯ ಹೆಸರಾಗಿ ಇಟ್ಟಿತು. ಹಾಗಾಗಿ ಎರಡು ಸರಕಿಗೆ ಒಂದೇ ಸಂಖ್ಯೆ ಕೊಡಲಾಗದು. ಬೆಂಗಳೂರಿನ ಟ್ಯಾಲಿಯಲ್ಲಿ ಬ್ಯಾಚ್ ಆಯಾ ಸ್ಟಾಕ್ ಐಟಂನ ಕೆಳಗೇ ಬರುತ್ತದೆ.

ಇದರ ಪರಿಣಾಮ ಗೋದಾಮಿನಲ್ಲಿ ಕಾಣುತ್ತದೆ. ಮಸಾಲೆ ಘಟಕವೊಂದು ಆಗಸ್ಟ್ 15ರಂದು ಸಾರಿನ ಪುಡಿ, ಹುಳಿಪುಡಿ ಎರಡನ್ನೂ ಮಾಡಿ ಎರಡರ ಮೇಲೂ 150825 ಎಂದು ಒತ್ತಿದೆ ಎನ್ನಿ. ಈಆರ್‌ಪಿನೆಕ್ಸ್ಟ್‌ನಂಥ ಸಾಫ್ಟ್‌ವೇರ್ ಎರಡನೆಯದನ್ನು ಒಪ್ಪುವುದಿಲ್ಲ. ಕೂಡಲೇ ಗುಮಾಸ್ತ ಕೊನೆಗೊಂದು ‘ಎ’ ಸೇರಿಸಿ ಎಂಟ್ರಿ ಮುಗಿಸುತ್ತಾನೆ. ಪೊಟ್ಟಣದ ಮೇಲೆ ಆ ‘ಎ’ ಇಲ್ಲ. ನಾಳೆ ಗ್ರಾಹಕರೊಬ್ಬರು ದೂರು ಕೊಟ್ಟರೆ ಪೊಟ್ಟಣ ಒಂದು ಹೇಳುತ್ತದೆ, ಲೆಕ್ಕ ಇನ್ನೊಂದು. ಖರೀದಿಸಿದ ಮೆಣಸಿನಪುಡಿಗೂ ಇದೇ ಪಾಡು: ಇಬ್ಬರು ಪೂರೈಕೆದಾರರ ಚೀಲಗಳ ಮೇಲೆ ಒಂದೇ ನಂಬರ್ ಇರಬಹುದು. ಪೂರೈಕೆದಾರರ ಲಾಟ್‌ಗೆ ಒಂದು ಕಾಲಂ, ಸ್ವಂತ ಲಾಟ್‌ಗೆ ಇನ್ನೊಂದು ಇರಲೇಬೇಕು. ಸರಕು-ಲಾಟ್ ಜೋಡಿಯ ಪದ್ಧತಿಯೇ ಮೇಲು. ಅದು ಕೆಲಸಗಾರನನ್ನು ಅಡ್ಡದಾರಿಗೆ ತಳ್ಳುವುದಿಲ್ಲ.

ಗುರುತಿನ ಪ್ರಶ್ನೆ ಬಗೆಹರಿದರೂ ಸಂಬಂಧದ ಪ್ರಶ್ನೆ ಉಳಿಯುತ್ತದೆ. ಯಾವ ಲಾಟ್ ಯಾವುದರೊಳಗೆ ಹೋಯಿತು? 2008-09ರಲ್ಲಿ ಪೀನಟ್ ಕಾರ್ಪೊರೇಷನ್ ಆಫ್ ಅಮೆರಿಕದ ಕಡಲೆಕಾಯಿ ಪದಾರ್ಥಗಳಿಂದ ಸಾಲ್ಮೊನೆಲ್ಲಾ ಹರಡಿ ಒಂಬತ್ತು ಮಂದಿ ಸತ್ತರು. ಬಿಸ್ಕತ್ತು, ಐಸ್‌ಕ್ರೀಂ, ಸಾಕುನಾಯಿಯ ತಿಂಡಿ ಎಂದು 3,900ಕ್ಕೂ ಹೆಚ್ಚು ಉತ್ಪನ್ನಗಳನ್ನು ಹಿಂಪಡೆಯಬೇಕಾಯಿತು. ಕಚ್ಚಾ ಸರಕಿನಿಂದ ಸಿದ್ಧ ಸರಕಿಗೂ, ಅಲ್ಲಿಂದ ಹಿಂದಕ್ಕೂ ದಾರಿ ತೋರಿಸುವ ವಂಶಾವಳಿ ಸಾಫ್ಟ್‌ವೇರ್‌ನಲ್ಲಿ ಇಲ್ಲದಿದ್ದರೆ, ಅನುಮಾನ ಬಂದದ್ದನ್ನೆಲ್ಲ ವಾಪಸ್ ತರಿಸುವುದೊಂದೇ ಉಪಾಯ.

ಕಾನೂನು ಈಗ ಆ ಕಡೆಗೆ ಸಾಗಿದೆ. ಒಂದು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಮುಂದೆ ತೋರಿಸಬಲ್ಲ ದಾಖಲೆಯನ್ನು ಐರೋಪ್ಯ ಒಕ್ಕೂಟ 2005ರಿಂದಲೇ ಕೇಳುತ್ತಿದೆ. ಅಮೆರಿಕದ ಹೊಸ ಆಹಾರ ನಿಯಮದಲ್ಲಿ ಪದಾರ್ಥ ರೂಪ ಬದಲಿಸಿದಾಗ ಹೊಸ ಲಾಟ್ ಸಂಕೇತವನ್ನು ಹಳೆಯದಕ್ಕೆ ಜೋಡಿಸಿಡಬೇಕು; ಅದರ ಗಡುವು ಮಾತ್ರ 2026ರಿಂದ 2028ಕ್ಕೆ ಮುಂದೂಡಿಕೆಯಾಗಿದೆ.

ಭಾರತದಲ್ಲಿ 2023ರ ಆಗಸ್ಟ್ 1ರಿಂದ 300 ಪ್ರಮುಖ ಔಷಧ ಬ್ರಾಂಡ್‌ಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯ. 2025ರಲ್ಲಿ ಮಧ್ಯಪ್ರದೇಶದ ಮಕ್ಕಳ ಸಾವಿನ ತನಿಖೆಯಲ್ಲಿ ಕೋಲ್ಡ್ರಿಫ್ ಸಿರಪ್‌ನ ಎಸ್‌ಆರ್-13 ಬ್ಯಾಚ್‌ನಲ್ಲಿ ಶೇ. 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಸಿಕ್ಕಿತು. ಕೆಟ್ಟ ಬ್ಯಾಚ್ ಯಾವುದೆಂದು ಹೇಳಲು ಲೇಬಲ್ ಸಾಕಾಯಿತು. ಆ ಬ್ಯಾಚಿಗೆ ಸುರಿದ ದ್ರಾವಕ ಯಾವ ಲಾಟ್‌ನದು ಎಂಬುದನ್ನು ಲೇಬಲ್ ಆಗಲಿ, ಆ 300 ಬ್ರಾಂಡ್‌ಗಳ ಕೋಡ್ ಆಗಲಿ ಹೇಳುವುದಿಲ್ಲ. ಅದಕ್ಕೆ ಕಾರ್ಖಾನೆಯ ಸ್ಟಾಕ್ ದಾಖಲೆಯನ್ನೇ ತೆರೆಯಬೇಕು.