ಅರ್ಧ, ವರ್ಗ, ಮೂಲ: ಮಳಖೇಡ ಮತ್ತು ಬಾಗ್ದಾದಿನ ಬೀಜಗಣಿತ

ಬೀಜಗಣಿತದ ಹುಟ್ಟೂರು ಯಾವುದೆಂಬ ಪ್ರಶ್ನೆಗೆ ಒಬ್ಬರು ಬಾಗ್ದಾದ್ ಎನ್ನುತ್ತಾರೆ, ಇನ್ನೊಬ್ಬರು ಭಾರತ ಎನ್ನುತ್ತಾರೆ. ಆಳಂದ, ಅಫಜಲಪುರ, ಜೇವರ್ಗಿಗಳ ಭೀಮಾ ಸೀಮೆಯಿಂದ ನೋಡಿದರೆ ಈ ಪ್ರಶ್ನೆಯೇ ಸಡಿಲಾಗುತ್ತದೆ. ಇದೇ ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನಲ್ಲಿ, ಕಾಗಿಣಾ ದಂಡೆಯ ಮೇಲೆ, ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇತ್ತು. ಅದೇ ಇಂದಿನ ಮಳಖೇಡ.

ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ಆರಂಭದಲ್ಲಿ ಸ್ತುತಿಸಿ ಜೈನ ಗಣಿತಜ್ಞ ಮಹಾವೀರಾಚಾರ್ಯ ಸುಮಾರು 850ರಲ್ಲಿ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತ ಪದ್ಯದಲ್ಲಿ ರಚಿಸಿದ. ಅದರಲ್ಲೊಂದು ಒಂಟೆಗಳ ಲೆಕ್ಕವಿದೆ. ಹಿಂಡಿನ ಕಾಲುಭಾಗ ಕಾಡಿನಲ್ಲಿದೆ, ಹಿಂಡಿನ ವರ್ಗಮೂಲದ ಇಮ್ಮಡಿ ಬೆಟ್ಟದ ಕಡೆ ಹೋಗಿದೆ, ಹೊಳೆದಂಡೆಯಲ್ಲಿ ಹದಿನೈದು ಉಳಿದಿವೆ. ಒಟ್ಟು ಎಷ್ಟು?

ಬಿಡಿಸುವ ಕ್ರಮ ಹೀಗಿದೆ. ಇಡೀ ಹಿಂಡಿನಲ್ಲಿ ಕಾಲು ಕಳೆದರೆ ಮುಕ್ಕಾಲು. ಮೂಲದ ಗುಣಕ 2ರ ಅರ್ಧವಾದ 1ನ್ನು ಮುಕ್ಕಾಲಿನಿಂದ ಭಾಗಿಸಿದರೆ 4/3. ಹದಿನೈದನ್ನೂ ಹಾಗೆಯೇ ಭಾಗಿಸಿದರೆ 20. ಮೊದಲನೆಯದರ ವರ್ಗ 16/9ನ್ನು 20ಕ್ಕೆ ಕೂಡಿದರೆ 196/9, ಅದರ ಮೂಲ 14/3. ಅದಕ್ಕೆ 4/3 ಸೇರಿಸಿದರೆ 6. ಆರರ ವರ್ಗ 36, ಅದೇ ಹಿಂಡು. ತಾಳೆ ನೋಡಿ: 9, 12, 15.

ಈಗ ಬಾಗ್ದಾದಿಗೆ ಬರೋಣ. ಖಲೀಫ ಅಲ್-ಮಾಮೂನ್ 813ರಲ್ಲಿ ಪಟ್ಟಕ್ಕೆ ಬಂದ, ಅಮೋಘವರ್ಷ 814ರಲ್ಲಿ. ಮಾಮೂನನ ಆಶ್ರಯದಲ್ಲಿ ಅಲ್-ಖ್ವಾರಿಜ್ಮಿ ಸುಮಾರು 820ರಲ್ಲಿ ‘ಅಲ್-ಜಬ್ರ್ ವ ಅಲ್-ಮುಕಾಬಲಾ’ ಕುರಿತು ಗ್ರಂಥ ಬರೆದ. ಒಂದು ವರ್ಗಕ್ಕೆ ಅದರ ಮೂಲದ ಹತ್ತುಪಟ್ಟು ಕೂಡಿದರೆ 39 ಆಗುವುದು ಅವನ ಪ್ರಸಿದ್ಧ ಲೆಕ್ಕ. ಹತ್ತರ ಅರ್ಧ 5, ವರ್ಗ 25, ಕೂಡಿದರೆ 64, ಮೂಲ 8, ಐದು ಕಳೆದರೆ 3. ಮಹಾವೀರ ಹಾಕಿದ ಹೆಜ್ಜೆಗಳೇ ಇಲ್ಲಿಯೂ ಇವೆ. ಇವರಿಬ್ಬರಿಗಿಂತ ಸುಮಾರು ಎರಡೂವರೆ ಸಾವಿರ ವರ್ಷ ಹಿಂದಿನ ಬ್ಯಾಬಿಲೋನಿನ ಮಣ್ಣಿನ ಹಲಗೆಗಳಲ್ಲೂ ಅರ್ಧ ಮಾಡಿ, ವರ್ಗ ಮಾಡಿ, ಕೂಡಿ, ಮೂಲ ತೆಗೆಯುವ ಕ್ರಮವೇ ಕಾಣುತ್ತದೆ.

ಹೆಜ್ಜೆ ಒಂದಾದರೂ ನಡಿಗೆ ಬೇರೆ. ಅಲ್-ಖ್ವಾರಿಜ್ಮಿ ಚೌಕಗಳನ್ನು ಬರೆದು ಸಾಧನೆ ತೋರಿದ, ಆದರೆ ಋಣಸಂಖ್ಯೆಯನ್ನು ಹೊರಗಿಟ್ಟು ಸಮೀಕರಣಗಳನ್ನು ಆರು ಬಗೆಯಾಗಿ ವಿಂಗಡಿಸಿದ. ಭಿಲ್ಲಮಾಲದ ಬ್ರಹ್ಮಗುಪ್ತ 628ರಲ್ಲೇ ಧನ, ಋಣ, ಶೂನ್ಯಗಳ ನಿಯಮ ಹೇಳಿದ್ದ. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಮಹಾವೀರ ಸ್ಪಷ್ಟಪಡಿಸಿದ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದು ಹೇಳಿ ತಪ್ಪಿದ್ದೂ ಉಂಟು. ಅವ್ಯಕ್ತ ರಾಶಿಗಳಿಗೆ ಕಾಲಕ, ನೀಲಕ ಎಂದು ಬಣ್ಣಗಳ ಹೆಸರಿಟ್ಟು ಬರೆಯುವ ಪದ್ಧತಿ 1150ರ ಸುಮಾರಿಗೆ ಎರಡನೆಯ ಭಾಸ್ಕರನ ‘ಬೀಜಗಣಿತ’ದಲ್ಲಿ ಪಕ್ವವಾಯಿತು. ಅದೇ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ದ ಮೂಲಕ ಗಣಿತಕ್ಕೆ ಕನ್ನಡದ ಮಾತು ಕೊಟ್ಟ.

ಎರಡು ರಾಜಧಾನಿಗಳು ಒಂದಕ್ಕೊಂದು ಅಪರಿಚಿತವಾಗಿರಲಿಲ್ಲ. ವರ್ತಕ ಸುಲೈಮಾನನ ಹೆಸರಿನ 851ರ ಅರಬ್ಬಿ ವೃತ್ತಾಂತ ‘ಬಲ್ಹರಾ’ನನ್ನು, ಎಂದರೆ ರಾಷ್ಟ್ರಕೂಟ ವಲ್ಲಭರಾಜನನ್ನು, ಲೋಕದ ನಾಲ್ವರು ದೊಡ್ಡ ಅರಸರಲ್ಲಿ ಎಣಿಸುತ್ತದೆ. ಹಾಗೆಂದು ಮಹಾವೀರ ಅರಬರಿಂದ ಕಲಿತ ಎನ್ನಲಾಗದು, ಅಲ್-ಖ್ವಾರಿಜ್ಮಿಯ ಬೀಜಗಣಿತ ಮಾನ್ಯಖೇಟದ ಸಾಲ ಎನ್ನಲೂ ಆಗದು. ವ್ಯಾಪಾರದ ದಾರಿ ಇತ್ತೆಂಬುದು ಗ್ರಂಥ ಸಾಗಿತೆಂಬುದಕ್ಕೆ ಪುರಾವೆಯಲ್ಲ.

‘ಜಬ್ರ್’ ಮತ್ತು ‘ಬೀಜಗಣಿತ’ ಎಂಬ ಎರಡು ಹೆಸರುಗಳು ಭೀಮಾ ಸೀಮೆಯಲ್ಲಿ ಮುಖಾಮುಖಿಯಾದದ್ದು ಬಹಳ ತಡವಾಗಿ. 1948ರವರೆಗೆ ಈ ತಾಲೂಕುಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಲ್ಲಿ 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆ ಉರ್ದುವಿನಲ್ಲಿತ್ತು. ಉರ್ದುವಿನಲ್ಲಿ ಈ ವಿಷಯದ ಹೆಸರು ‘ಜಬ್ರ್-ಓ-ಮುಕಾಬಲಾ’. 1956ರ ಏಕೀಕರಣದ ನಂತರ ಕನ್ನಡ ಶಾಲೆಯ ಮಕ್ಕಳು ಅದನ್ನೇ ‘ಬೀಜಗಣಿತ’ವೆಂದು ಓದುತ್ತ ಬಂದರು.

ಆದ್ದರಿಂದ ಬೀಜಗಣಿತದ ಚರಿತ್ರೆಯನ್ನು ಒಂದು ಊರಿನ ಹಕ್ಕುಪತ್ರದಂತೆ ಬರೆಯಬಾರದು. ಜೇವರ್ಗಿ, ಅಫಜಲಪುರ, ಆಳಂದದ ಗಣಿತ ಶಿಕ್ಷಕರು ವರ್ಗಸಮೀಕರಣದ ಸೂತ್ರ ಬರೆಯುವ ಮೊದಲು ಹಲಗೆಯ ಮೇಲೆ ಆ ಒಂಟೆ ಹಿಂಡನ್ನೂ ಬಾಗ್ದಾದಿನ ಮೂವತ್ತೊಂಬತ್ತನ್ನೂ ಅಕ್ಕಪಕ್ಕ ಇಡಲಿ. ಹೆಜ್ಜೆ ಒಂದೇ ಎಂಬುದನ್ನು ಮಕ್ಕಳೇ ಕಂಡುಹಿಡಿಯುತ್ತಾರೆ.