ಕೆಂಪು ಮಣ್ಣಿನ ಓಟ ಮತ್ತು ಒಂದು ಕುಟುಂಬದ ನೆನಪು

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ನೆಲೆಸಿರುವ ನಮ್ಮವರಲ್ಲಿ ಕೆಲವರಿಗೆ, ಬೇಸಿಗೆಯ ಶನಿವಾರದ ಸಂಜೆ ಊರಾಚೆಯಿಂದ ತೇಲಿಬರುವ ಎಂಜಿನ್ನುಗಳ ಮೊರೆತ ಪರಿಚಿತವಾಗಿರಬಹುದು. ಅದು ಮಣ್ಣಿನ ಹಾದಿಯ ಮೇಲೆ ನಡೆಯುವ ಸ್ಟಾಕ್ ಕಾರ್ ಪಂದ್ಯದ ಸದ್ದು. ನಮ್ಮಲ್ಲಿ ಬಹುಮಂದಿ ಅದನ್ನು ಬರಿಯ ಗದ್ದಲವೆಂದು ಕಡೆಗಣಿಸುವುದುಂಟು. ಆದರೆ ಈ ಆಟದ ಇತಿಹಾಸವನ್ನು ಓದುತ್ತಾ ಹೋದಂತೆ, ನಾವು ಬಂದು ನೆಲೆಸಿದ ಈ ದೇಶದ ಸಾಮಾಜಿಕ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ಆ ಧೂಳಿನಲ್ಲಿ ಅಡಗಿದೆಯೆಂಬುದು ನನಗೆ ಮನವರಿಕೆಯಾಯಿತು.

ಸ್ಟಾಕ್ ಕಾರ್ ಎಂದರೆ ಮೂಲತಃ ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಸಾಮಾನ್ಯ ಕಾರು. ಕಳ್ಳಭಟ್ಟಿ ಸಾಗಿಸುತ್ತಿದ್ದ ಗುಡ್ಡಗಾಡಿನ ಚಾಲಕರು ಪೊಲೀಸರ ಕೈಗೆ ಸಿಗದಿರಲೆಂದು ತಮ್ಮ ಕಾರುಗಳ ಎಂಜಿನ್ನುಗಳನ್ನು ಬಲಪಡಿಸಿಕೊಂಡಿದ್ದರು. ಅಂಥವರು ಪಂದ್ಯಗಳಿಗೂ ಇಳಿದರು. ಈ ಪಂದ್ಯಗಳನ್ನು ಒಂದು ಕಟ್ಟುಪಾಡಿಗೆ ತರಲು ಬಿಲ್ ಫ್ರಾನ್ಸ್ ಮತ್ತು ಸಂಗಡಿಗರು 1948ರಲ್ಲಿ ನಾಸ್ಕಾರ್ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಉನ್ನತ ದರ್ಜೆಯ ಪ್ರಥಮ ಪಂದ್ಯ 1949ರ ಜೂನ್ 19ರಂದು ಷಾರ್ಲೆಟ್ ನಗರದ ಮಣ್ಣಿನ ಹಾದಿಯಲ್ಲಿ ನಡೆಯಿತು. ಮೊದಲಿಗನಾಗಿ ಗುರಿ ಮುಟ್ಟಿದ ಗ್ಲೆನ್ ಡನವೇ ಅವರ ಕಾರಿನ ಹಿಂಬದಿಯ ಸ್ಪ್ರಿಂಗುಗಳನ್ನು ನಿಯಮ ಮೀರಿ ಬದಲಿಸಲಾಗಿತ್ತೆಂದು ಕಂಡುಬಂದು, ಜಯಮಾಲೆ ಕಾನ್ಸಾಸ್ ರಾಜ್ಯದ ಜಿಮ್ ರೋಪರ್ ಅವರ ಪಾಲಾಯಿತು.

ಈ ಆಟ ಬೇರೂರಿದ್ದು ಮಹಾನಗರಗಳ ಕ್ರೀಡಾಂಗಣಗಳಿಗಿಂತ ಹೆಚ್ಚಾಗಿ ಸಣ್ಣ ಊರುಗಳ ಜಾತ್ರೆಯ ಮೈದಾನಗಳಲ್ಲಿ. ಅರ್ಧ ಮೈಲಿ ಸುತ್ತಳತೆಯ, ಜೇಡಿಮಣ್ಣಿನ ಅಂಡಾಕಾರದ ಹಾದಿ. ಪಂದ್ಯಕ್ಕೆ ಮುನ್ನ ಅದಕ್ಕೆ ನೀರುಣಿಸುತ್ತಾರೆ. ಕಾರುಗಳು ಸದಾ ಎಡಕ್ಕೇ ತಿರುಗುತ್ತವೆ. ತಿರುವಿನಲ್ಲಿ ಹಿಂಬದಿಯ ಚಕ್ರಗಳು ಹೊರಕ್ಕೆ ಜಾರುವುದರಿಂದ, ಚಾಲಕನು ಎಡಕ್ಕೆ ಹೋಗಲು ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಬೇಕಾಗುತ್ತದೆ. ರಾತ್ರಿ ಕಳೆದಂತೆ ಮಣ್ಣು ಒಣಗಿ ಗಟ್ಟಿಯಾಗುತ್ತದೆ. ಸಂಜೆ ಹಿಡಿತ ಕೊಟ್ಟ ಜಾಡು ಕೊನೆಯ ಪಂದ್ಯದ ಹೊತ್ತಿಗೆ ಕೈಕೊಡುತ್ತದೆ. ಸಣ್ಣ ಊರಿನ ಪಂದ್ಯಕ್ಕೆ ಭಾರಿ ಬಂಡವಾಳ ಬೇಕಿರಲಿಲ್ಲ. ಗ್ಯಾರೇಜು ಇಟ್ಟುಕೊಂಡವನಿಗೆ ಮನೆಯವರೇ ತಂಡ. ತಂದೆ ಓಡಿಸಿದರೆ, ಮಕ್ಕಳು ಟೈರು ಬದಲಿಸುತ್ತಿದ್ದರು. 1949ರ ಆ ಮೊದಲ ಪಂದ್ಯದಲ್ಲಿ ಕಾರನ್ನು ಉರುಳಿಸಿಕೊಂಡವರು ಲೀ ಪೆಟ್ಟಿ; 1970ರ ಸೆಪ್ಟೆಂಬರ್ 30ರಂದು ರಾಲಿಯಲ್ಲಿ ನಡೆದ ಮಣ್ಣಿನ ಪಂದ್ಯವನ್ನು ಗೆದ್ದವರು ಅವರ ಮಗ ರಿಚರ್ಡ್ ಪೆಟ್ಟಿ. ಅದಾದ ಮೇಲೆ, 2021ರವರೆಗೆ ನಾಸ್ಕಾರ್‌ನ ಉನ್ನತ ಸರಣಿ ಮಣ್ಣಿಗೆ ಮರಳಲೇ ಇಲ್ಲ.

ಆದರೆ ನಾನು ಮುಖ್ಯವಾಗಿ ಹೇಳಹೊರಟಿರುವುದು ಇನ್ನೊಂದು ಕುಟುಂಬದ ಕಥೆಯನ್ನು. ವೆಂಡೆಲ್ ಸ್ಕಾಟ್ 1921ರ ಆಗಸ್ಟ್ 29ರಂದು ವರ್ಜೀನಿಯಾ ರಾಜ್ಯದ ಡ್ಯಾನ್‌ವಿಲ್‌ನಲ್ಲಿ ಜನಿಸಿದ ಕಪ್ಪು ವರ್ಣೀಯರು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ಮೆಕ್ಯಾನಿಕ್ ಆಗಿದ್ದು, ಊರಿಗೆ ಮರಳಿ ಗ್ಯಾರೇಜು ನಡೆಸಿದರು, ಕಳ್ಳಭಟ್ಟಿಯನ್ನೂ ಸಾಗಿಸಿದರು. 1952ರಲ್ಲಿ ಊರಿನ ಪಂದ್ಯದ ವ್ಯವಸ್ಥಾಪಕರು ಪ್ರೇಕ್ಷಕರನ್ನು ಸೆಳೆಯಲು ಒಬ್ಬ ಕಪ್ಪು ಚಾಲಕನನ್ನು ಹುಡುಕುತ್ತಾ ಪೊಲೀಸರನ್ನು ವಿಚಾರಿಸಿದಾಗ, ತಾವು ಬೆನ್ನಟ್ಟಿ ಸೋತ ಸ್ಕಾಟರ ಹೆಸರನ್ನೇ ಅವರು ಸೂಚಿಸಿದರೆಂದು ಹೇಳುತ್ತಾರೆ. ಬೇರೆ ಊರಿನ ಪಂದ್ಯಗಳಿಗೆ ಹೋದಾಗ ಬಣ್ಣದ ಕಾರಣಕ್ಕೆ ಹಿಂದಿರುಗಿಸಿದ್ದೂ ಉಂಟು. ಆದರೂ ಛಲ ಬಿಡದೆ 1961ರಲ್ಲಿ ಅವರು ನಾಸ್ಕಾರ್‌ನ ಉನ್ನತ ಸರಣಿಯನ್ನು ಪ್ರವೇಶಿಸಿದರು. ಅವರ ತಂಡವೆಂದರೆ ಮನೆಯ ಮಕ್ಕಳು. ಅವರ ಬಂಡಿಯೆಂದರೆ ಇತರರು ಬಳಸಿ ಬಿಟ್ಟ ಕಾರು, ಹಳೆಯ ಬಿಡಿಭಾಗ.

1963ರ ಡಿಸೆಂಬರ್ 1. ಫ್ಲಾರಿಡಾದ ಜಾಕ್ಸನ್‌ವಿಲ್‌ನ ಅರ್ಧ ಮೈಲಿಯ ಮಣ್ಣಿನ ಹಾದಿ. 200 ಸುತ್ತುಗಳ ಪಂದ್ಯ. ಮುಂದಿದ್ದ ರಿಚರ್ಡ್ ಪೆಟ್ಟಿಯವರ ಕಾರು ಕೆಟ್ಟಿತು. 25 ಸುತ್ತುಗಳು ಉಳಿದಿರುವಾಗ ಸ್ಕಾಟ್ ಅವರನ್ನು ಹಿಂದೆ ಹಾಕಿದರು. ಆದರೆ ಪಂದ್ಯ ಮುಗಿದಾಗ ವಿಜಯದ ಪತಾಕೆ ಅವರಿಗಾಗಿ ಬೀಸಲಿಲ್ಲ. ಅವರು 202 ಸುತ್ತು ಓಡಿದ್ದರು. ಬಿಳಿಯ ಚಾಲಕ ಬಕ್ ಬೇಕರ್ ಗೆದ್ದರೆಂದು ಘೋಷಿಸಿ, ಟ್ರೋಫಿಯನ್ನು ಅವರ ಕೈಗಿತ್ತರು. ಕೆಲವು ಗಂಟೆಗಳ ಬಳಿಕ, ಪ್ರೇಕ್ಷಕರೆಲ್ಲರೂ ಮನೆಗೆ ತೆರಳಿದ ಮೇಲೆ, ಗೆದ್ದವರು ಸ್ಕಾಟ್ ಎಂದು ಅಧಿಕಾರಿಗಳು ಒಪ್ಪಿಕೊಂಡರು. ಸುತ್ತುಗಳನ್ನು ಕೈಯಲ್ಲಿ ಎಣಿಸುತ್ತಿದ್ದ ಆ ಕಾಲದಲ್ಲಿ ಲೆಕ್ಕ ತಪ್ಪಿತೆಂಬುದು ಅವರ ಸಮಜಾಯಿಷಿ. ಗೆದ್ದವನಿಗೆ ಬಿಳಿಯ ಸುಂದರಿ ಮುತ್ತಿಕ್ಕುವ ವಾಡಿಕೆಯಿದ್ದುದರಿಂದ ಬೇಕೆಂದೇ ಹೀಗೆ ಮಾಡಿದರೆಂಬುದು ಸ್ಕಾಟರ ನಂಬಿಕೆ. ಜಾಕ್ಸನ್‌ವಿಲ್‌ನ ಆ ಟ್ರೋಫಿ ಮಾತ್ರ ಅವರ ಜೀವಿತಕಾಲದಲ್ಲಿ ಅವರ ಕೈಸೇರಲಿಲ್ಲ.

1973ರಲ್ಲಿ ಟಲಡೇಗಾದಲ್ಲಿ ನಡೆದ ಭೀಕರ ಅಪಘಾತದಿಂದ ಅವರ ಪಂದ್ಯಜೀವನ ಬಹುಮಟ್ಟಿಗೆ ಕೊನೆಗೊಂಡಿತು. 495 ಪಂದ್ಯಗಳು, ಒಂದೇ ಗೆಲುವು. 147 ಬಾರಿ ಮೊದಲ ಹತ್ತರೊಳಗೆ ಸ್ಥಾನ. 1990ರಲ್ಲಿ ಅವರು ನಿಧನರಾದರು. ಆದರೆ ತಂದೆಯ ಕಾರಿಗೆ ಟೈರು ಹಾಕಿದ ಮಕ್ಕಳು ಆ ದಿನವನ್ನು ಮರೆಯಲಿಲ್ಲ. ಮೊಮ್ಮಕ್ಕಳಿಗೆ ಹೇಳಿದರು, ಕೇಳಿದವರಿಗೆಲ್ಲ ಹೇಳಿದರು. 2015ರಲ್ಲಿ ನಾಸ್ಕಾರ್ ಹಾಲ್ ಆಫ್ ಫೇಮ್‌ನಲ್ಲಿ ಸ್ಕಾಟರಿಗೆ ಸ್ಥಾನ ದೊರೆಯಿತು. 2021ರ ಆಗಸ್ಟ್ 28ರಂದು, ಅವರ ನೂರನೆಯ ಜನ್ಮದಿನದ ಮುನ್ನಾದಿನ, ಡೇಟೋನಾದಲ್ಲಿ ಆ ಗೆಲುವಿನ ಟ್ರೋಫಿಯನ್ನು ನಾಸ್ಕಾರ್ ಕುಟುಂಬದವರ ಕೈಗಿತ್ತಿತು. ಆ ವೇಳೆಗೆ 57 ವರ್ಷಗಳು ಕಳೆದಿದ್ದವು.

ಈ ಕಥೆಗೂ ನಮಗೂ ಏನು ಸಂಬಂಧವೆಂದು ಕೇಳಬಹುದು. ಸ್ಕಾಟ್ ಗೆದ್ದ ಅದೇ 1963ರ ಜೂನ್ 10ರಂದು ಅವರ ಊರಾದ ಡ್ಯಾನ್‌ವಿಲ್‌ನಲ್ಲಿ ಸಮಾನ ಹಕ್ಕು ಕೇಳಿದ ಕಪ್ಪು ಜನರನ್ನು ಪೊಲೀಸರು ನೀರಿನ ಕೊಳವೆ, ಲಾಠಿಗಳಿಂದ ಥಳಿಸಿದ್ದರು. ಅಂಥ ಹೋರಾಟಗಳ ಫಲವಾಗಿ 1964ರ ನಾಗರಿಕ ಹಕ್ಕುಗಳ ಕಾಯಿದೆ ಬಂತು. ಅದೇ ಸಮಾನತೆಯ ಗಾಳಿಯಲ್ಲಿ, ಹುಟ್ಟಿದ ದೇಶವನ್ನು ನೋಡಿ ವಲಸೆಗಾರರನ್ನು ಅಳೆಯುತ್ತಿದ್ದ ಪದ್ಧತಿಯನ್ನು ಕೈಬಿಟ್ಟ 1965ರ ವಲಸೆ ಕಾಯಿದೆಯೂ ಬಂತು. ನಮ್ಮಲ್ಲಿ ಬಹುಪಾಲು ಜನರ ಹಿರಿಯರು ಈ ನೆಲಕ್ಕೆ ಕಾಲಿಟ್ಟದ್ದು ಆ ಬಾಗಿಲಿನಿಂದಲೇ. ಬೇರೆಯವರು ಪೆಟ್ಟು ತಿಂದು ತೆರೆಸಿದ ಬಾಗಿಲು ಅದು ಎಂಬ ಅರಿವು ನಮಗಿರಬೇಕು.

ಸಮ್ಮೇಳನಕ್ಕೆ ಆಗಮಿಸಿರುವ ಬಂಧುಗಳಲ್ಲಿ ನನ್ನದೊಂದು ವಿನಂತಿ. ಈ ನಾಡಿಗೆ ಮೊದಲು ಬಂದ ಕನ್ನಡಿಗರಲ್ಲಿ ಅನೇಕರು ಇಂದು ಎಂಬತ್ತರ ಗಡಿ ದಾಟಿದ್ದಾರೆ. ಬಾಡಿಗೆಗೆ ಮನೆ ಸಿಗದ ದಿನ, ಕೈತಪ್ಪಿದ ಬಡ್ತಿ, ನೆರವಿಗೆ ಬಂದ ನೆರೆಯವರು ಇವೆಲ್ಲ ಅವರ ನೆನಪಿನಲ್ಲಿವೆ. ಕಚೇರಿಯ ಕಡತಗಳಲ್ಲಿ ಸಿಗಲಾರವು. ಸ್ಕಾಟ್ ಕುಟುಂಬದ ಮಾತಿಗೆ ಬಲ ಬಂದದ್ದು ಅವರ ಬಳಿ ದಿನಾಂಕ, ಸ್ಥಳ, ಓಡಿದ ಸುತ್ತುಗಳ ಸಂಖ್ಯೆ ಎಲ್ಲವೂ ಇದ್ದುದರಿಂದ. ನಮ್ಮ ಹಿರಿಯರ ಬಳಿ ಕುಳಿತು, ಯಾವ ಊರು, ಯಾವ ವರ್ಷ, ಏನಾಯಿತು ಎಂಬುದನ್ನು ಈಗಲೇ ಬರೆದಿಡೋಣ.