ಅರವತ್ತಮೂರು ಗೋರಿಗಳ ಪಂಚನಾಮೆ

ವಿಜಯಪುರದ ಇಬ್ರಾಹಿಂಪುರದಲ್ಲಿ ಆಟೊ ಹತ್ತಿ ‘ಸಾಠ್ ಕಬರ್‌ಗೆ ಹೋಗೂಣು’ ಎಂದೆ. ಚಾಲಕ ಹಿಂದಿರುಗಿ ನೋಡಿದ. ‘ಗೋಳಗುಮ್ಮಟ ಬಿಟ್ಟು ಅಲ್ಲ್ಯಾಕ್ರಿ ಸರ? ಬರೇ ಹೆಣ್ಮಕ್ಕಳ ಗೋರಿ ಅದಾವ್ರಿ.’

ಊರು ದಾಟಿ ಪಶ್ಚಿಮಕ್ಕೆ ಹೋದರೆ ಅಫಜಲಪುರ ಟಕ್ಕೆ. ಅಲ್ಲೊಂದು ಕಲ್ಲಿನ ಕಟ್ಟೆ. ಅದರ ಮೇಲೆ 11 ಸಾಲುಗಳಲ್ಲಿ 63 ಗೋರಿಗಳು, ಜೊತೆಗೆ ಖಾಲಿಯಾಗಿಯೇ ಉಳಿದ ಇನ್ನೊಂದು. ಸಾಠ್ ಎಂದರೆ ಅರವತ್ತು. ಜನರ ಬಾಯಲ್ಲಿ ಲೆಕ್ಕ ಅಷ್ಟಕ್ಕೇ ನಿಂತಿದೆ.

ಕಥೆ ಇಲ್ಲಿ ಎಲ್ಲರಿಗೂ ಗೊತ್ತು. 1659ರಲ್ಲಿ ಎರಡನೆಯ ಅಲಿ ಆದಿಲ್‌ಶಾಹನ ಸೇನಾಪತಿ ಅಫಜಲಖಾನ್ ಶಿವಾಜಿಯ ಮೇಲೆ ದಂಡೆತ್ತಿ ಹೊರಟ. ತಿರುಗಿ ಬರುವುದಿಲ್ಲವೆಂದು ಜೋತಿಷಿಗಳು ಹೇಳಿದರು. ತಾನು ಸತ್ತ ಮೇಲೆ ಹೆಂಡಂದಿರು ಪರರ ಪಾಲಾಗಬಾರದೆಂದು ಖಾನ್ ಅವರನ್ನೆಲ್ಲ ಬಾವಿಗೆ ನೂಕಿಸಿ ಕೊಲ್ಲಿಸಿದನಂತೆ.

ಇದು ಕೊಲೆಯೇ ಆಗಿದ್ದರೆ, ಅದರ ತನಿಖೆ ಆಗಲೇ ಇಲ್ಲ. ಈಗ ಪಂಚನಾಮೆಗೆ ಕೂತರೆ ಸಾಕ್ಷಿ ಹೇಳಲು ಉಳಿದಿರುವುದು ಕಲ್ಲುಗಳು ಮಾತ್ರ. ಗೋರಿಗಳ ನೆತ್ತಿ ಚಪ್ಪಟೆಯಾಗಿದೆ, ಅದು ಹೆಂಗಸರ ಗೋರಿಯ ಗುರುತು. ಅಳತೆ ಒಂದೇ, ನಡುವಿನ ಅಂತರ ಒಂದೇ, ಕೆತ್ತನೆ ಒಂದೇ. ಇವರೆಲ್ಲ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಸತ್ತವರು ಎನ್ನುವವರಿಗೆ ಇದೇ ಆಧಾರ. ಆದರೆ ಒಂದು ದೊಡ್ಡ ಮನೆತನ ತನ್ನ ಹೆಂಗಸರಿಗೆಂದು ಮೊದಲೇ ಜಾಗ ಅಳೆದು ಮಾಡಿಸಿದ ಗೋರಿಸ್ಥಾನವೂ ಹೀಗೆಯೇ ಕಾಣಬಹುದಲ್ಲ? ಕಲ್ಲು ಹೆಣ್ಣೆಂದು ಹೇಳುತ್ತದೆ, ಸಾವಿನ ಕಾರಣ ಹೇಳುವುದಿಲ್ಲ. ಸೋತು ಸತ್ತವನ ತಲೆಗೆ ಕಥೆ ಕಟ್ಟುವುದೂ ಸುಲಭ. ಆದ್ದರಿಂದ ಖಾನನನ್ನು ಅಪರಾಧಿ ಎನ್ನಲು ನಾನು ಸಿದ್ಧನಿಲ್ಲ. ನಿರಪರಾಧಿ ಎನ್ನಲೂ ಆ ಒಂದೇ ಅಳತೆಯ ಸಾಲುಗಳು ಬಿಡುವುದಿಲ್ಲ.

ಖಾನನ ಸಾವಿನ ವಿವರಕ್ಕೆ ಮಾತ್ರ ಕೊರತೆಯಿಲ್ಲ. 1659ರ ನವೆಂಬರ್ 10, ಪ್ರತಾಪಗಡದ ಬುಡ, ಡೇರೆಯೊಳಗಿನ ಭೇಟಿ, ಅಪ್ಪುಗೆ, ವ್ಯಾಘ್ರನಖ. ಯಾರು ಮೊದಲು ಕೈಯೆತ್ತಿದರು ಎಂಬ ವಾದ ಇಂದಿಗೂ ನಿಂತಿಲ್ಲ. ಅವನ ಗೋರಿಯೂ ಆ ಬೆಟ್ಟದಡಿಯಲ್ಲೇ ಇದೆ. ಟಕ್ಕೆಯಲ್ಲಿ ಅವನು ತನಗಾಗಿ ಕಟ್ಟಿಸುತ್ತಿದ್ದ ಗೋರಿಮನೆ ಅರ್ಧಕ್ಕೇ ನಿಂತುಹೋಯಿತು.

ಈ 63 ಮಂದಿಯಲ್ಲಿ ಒಬ್ಬಳ ಹೆಸರನ್ನೂ ನಾವು ಉಳಿಸಿಕೊಂಡಿಲ್ಲ. ಯಾವ ಊರಿನವರು, ಯಾವ ಭಾಷೆಯಲ್ಲಿ ಅತ್ತರು, ಯಾರಿಗೆ ಮಕ್ಕಳಿದ್ದರು? ಕಥೆ ಕೇಳುವುದಿಲ್ಲ. ಕಥೆಗೆ ಬೇಕಾದದ್ದು ಖಾನನ ಮತ್ಸರ, ಇಲ್ಲವೆ ಅವನ ಭಯ. ಹೆಂಗಸರು ಅದರಲ್ಲಿ ಬರೀ ಸಂಖ್ಯೆ. ಆ ಸಂಖ್ಯೆಯನ್ನೂ ಊರು ಅರವತ್ತಕ್ಕೆ ಇಳಿಸಿ, ಮೂವರನ್ನು ಲೆಕ್ಕದಿಂದಲೇ ಬಿಟ್ಟಿತು.

ಖಾಲಿ ಗೋರಿಯ ಬಳಿ ಸ್ವಲ್ಪ ಹೊತ್ತು ನಿಂತೆ. ಯಾರೋ ಒಬ್ಬಳು ತಪ್ಪಿಸಿಕೊಂಡಿರಬೇಕು ಎಂದು ಕೆಲವರು ಹೇಳುತ್ತಾರೆ. ಅದಕ್ಕೆ ಪುರಾವೆ ಇಲ್ಲ. ಆದರೂ ಹಾಗೇ ಆಗಿರಲಿ ಎಂದು ಮನಸ್ಸು ಬಯಸಿತು.

ವಾಪಸು ಬರುವಾಗ ಚಾಲಕ ಕೇಳಿದ: ‘ಎಣಿಸಿದ್ರೇನ್ರಿ ಸರ?’

‘ಹೂಂ. ಅರವತ್ತಲ್ಲ, ಅರವತ್ತಮೂರು.’

‘ಹೌದೇನ್ರಿ!’ ಎಂದವನು ಟಕ್ಕೆ ದಾಟುವವರೆಗೂ ಮಾತಾಡಲಿಲ್ಲ.